ಕುದಿಸಿದ ಮೇಲೂ ಹಳದಿ

ಶೋರ್ನ್ ದ್ವೀಪ, 12 ಆಗಸ್ಟ್ 2004

ಪ್ರಿಯ ಗುನ್ವೋರ್,

ಮೂರು ವರ್ಷದಿಂದ ಒಂದು ಸಾಲೂ ಬರೆಯದವನು ಈಗ ಬರೆದಿದ್ದಾನೆ ಅಂದರೆ ಏನೋ ಕೆಲಸ ಇರಬೇಕು ಎಂದು ಲಕೋಟೆ ಒಡೆಯುವ ಮೊದಲೇ ಅಂದುಕೊಂಡಿರುತ್ತೀಯ. ಇಪ್ಪತ್ತೆರಡು ವರ್ಷ ನನ್ನ ಪ್ರಯೋಗಾಲಯದಲ್ಲಿ ಗಾಜು ತೊಳೆದು, ಜೀವಕೋಶಗಳನ್ನು ಸಾಕಿ, ನನ್ನ ಮರೆವನ್ನೂ ಸಂಭಾಳಿಸಿದವಳು ನೀನು. ನಿನಗೆ ನನ್ನ ಬಣ್ಣ ಗೊತ್ತಿಲ್ಲವೇ.

ಮೊದಲು ಸಿಹಿ ಸುದ್ದಿ. ನಮ್ಮ ಔಷಧಿ ಅಕ್ಟೋಬರ್ ಒಂದರಿಂದ ರೋಗಿಗಳ ಮೇಲೆ ಪರೀಕ್ಷೆಗೆ ಹೋಗುತ್ತಿದೆ. ಸಂಧಿವಾತದ ನಲವತ್ತು ಜನ, ಅದರಲ್ಲಿ ನಿನ್ನ ತಂಗಿ ಮಾಯ್ಲಿಸ್ ಕೂಡ ಒಬ್ಬಳು. ನಾನು ಶಿಫಾರಸು ಮಾಡಿದ್ದಲ್ಲ, ನಿಮ್ಮ ಕಡೆಯ ವೈದ್ಯರೇ ಸೇರಿಸಿದ್ದು. "ಇದು ನನ್ ಮೈಯೊಳಗೆ ಏನ್ ಮಾಡತ್ತೆ ಅಂತ ನನಗರ್ಥ ಆಗೋ ಹಾಗೆ ಹೇಳು" ಎಂದು ಅವಳು ನನಗೊಂದು ಚೀಟಿ ಕಳಿಸಿದ್ದಳು. ಇದನ್ನು ಅವಳಿಗೆ ಓದಿ ಹೇಳು:

ಮಾಯ್ಲಿಸ್, ನಮ್ಮ ಜೀವಕೋಶಗಳ ಮೈಮೇಲೆ ಹುಟ್ಟಿನಿಂದಲೇ ಬಂದ ಕೆಲವು ಗ್ರಾಹಕಗಳಿವೆ. ಅವು ಕಾವಲಿನವು. ಅದರಲ್ಲಿ ಟೋಲ್-4 ಎಂಬುದು ಬ್ಯಾಕ್ಟೀರಿಯಾದ ಹೊರಚಿಪ್ಪನ್ನು ಗುರುತು ಹಿಡಿದು ಉರಿಯೂತ ಎಬ್ಬಿಸುತ್ತದೆ. ಕೆಂಪು, ಬಾವು, ಬಿಸಿ, ನೋವು ಎಲ್ಲ ಅದರಿಂದ. ನಿನ್ನ ಬೆರಳ ಕೀಲುಗಳಲ್ಲಿ ಬ್ಯಾಕ್ಟೀರಿಯಾ ಇಲ್ಲ, ಆದರೂ ಉರಿ ಇದೆ. ಯಾಕೆ? 1999ರಲ್ಲಿ ನಿನ್ನ ಅಕ್ಕನೂ ನಾನೂ ತೋರಿಸಿದ್ದು ಇಷ್ಟು: ಪೆಟ್ಟು ತಿಂದ ಕೀಲಿನಿಂದ ಸೋರುವ ನಮ್ಮದೇ ಒಂದು ಪ್ರೋಟೀನು ಅದೇ ಗ್ರಾಹಕವನ್ನು ಕೆರಳಿಸುತ್ತದೆ. ಮನೆಯವರನ್ನೇ ಕಳ್ಳರೆಂದು ತಿಳಿದು ಕಾವಲುಗಾರ ಬೊಬ್ಬೆ ಹಾಕಿದ ಹಾಗೆ. ಹೊಸ ಔಷಧಿ ಅವನ ಬಾಯಿ ಕಟ್ಟುತ್ತದೆ.

ಇನ್ನು ನನ್ನ ಕೆಲಸ. ಪರೀಕ್ಷೆಗೆ ಮುಂಚೆ ನಮ್ಮ ಹಳೆಯ ಫಲಿತಾಂಶಗಳನ್ನು ತಿರುವಿಹಾಕಲು ಹಾಲೆಂಡಿನ ಒಬ್ಬನನ್ನು ನೇಮಿಸಿದ್ದಾರೆ. ಅವನಿಗೆ 1999ರ ಚಳಿಗಾಲದ ಮೂಲ ದಾಖಲೆ ಬೇಕಂತೆ, ಅಂದರೆ ನಿನ್ನ ಹದಿನಾಲ್ಕನೇ ನೀಲಿ ಪುಸ್ತಕ. ಎಲ್ಲಿಟ್ಟಿದ್ದೆ, ನೆನಪಿದೆಯೇ?

ಉತ್ತರವನ್ನು ಇಲ್ಲಿಗೇ, ಬೇಸಿಗೆ ಮನೆಗೆ ಬರೆ. ಸಂಸ್ಥೆಗೆ ಬರೆದರೆ ದಾಖಲೆ ಕಚೇರಿಯ ಊಲ್ರಿಕಾ ಲಕೋಟೆ ಒಡೆದು, ಮೊಹರು ಹೊಡೆದು, ನಂಬರು ಹಾಕುತ್ತಾಳೆ. ಆಮೇಲೆ ಕಾನೂನಿನ ಪ್ರಕಾರ ದಾರಿಯಲ್ಲಿ ಹೋಗುವವನೂ ಒಳಗೆ ಬಂದು ಕೇಳಿ ಓದಬಹುದು. ಇಮೇಲಿಗೂ ಅದೇ ಗತಿ.

ನಿನ್ನ
ಸಿಕ್ಸ್ಟೆನ್


ಬೀಸ್ಕೆ, 20 ಆಗಸ್ಟ್ 2004

ಸಿಕ್ಸ್ಟೆನ್,

ನಿನ್ನ ಕಾಗದ ನಿನ್ನೆ ಬಂತು. ವರ್ಷಕ್ಕೊಮ್ಮೆ ಹುಳಿ ಬಂದ ಹೆರಿಂಗ್ ಮೀನಿನ ಡಬ್ಬಿ ಒಡೆಯುವ ದಿನವೂ ನಿನ್ನೆಯೇ. ನಾನು ಲಕೋಟೆ ಒಡೆಯುವುದನ್ನು ನೋಡಿ ಮಾಯ್ಲಿಸ್, "ಎರಡರಲ್ಲಿ ಯಾವ್ದು ಹೆಚ್ಚು ನಾರ್ತಿದೆ?" ಎಂದು ಕೇಳಿದಳು. ಅವಳ ನಾಲಿಗೆಗೆ ಸಂಧಿವಾತ ಬಂದಿಲ್ಲ.

ನೀನು ಬರೆದದ್ದನ್ನು ಅವಳಿಗೆ ಓದಿದೆ. ಕಾವಲುಗಾರನ ಮಾತು ಅವಳಿಗೆ ಹಿಡಿಸಿತು. ಈ ಪರೀಕ್ಷೆಗೆ ಸೇರಬೇಕಾದರೆ ಹಳೆಯ ಮಾತ್ರೆಗಳನ್ನು ಸೆಪ್ಟೆಂಬರ್ ಒಂದರಿಂದಲೇ ನಿಲ್ಲಿಸಬೇಕಂತೆ. ಆ ಮಾತ್ರೆಗಳಿಂದ ಅವಳು ಕುಣಿಯುತ್ತಿಲ್ಲ, ಆದರೆ ತನ್ನ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುತ್ತಾಳೆ. ಆಸ್ಪತ್ರೆಯವರು ಕೊಟ್ಟು ನೋಡಿದ ಹೊಸ ಸೂಜಿಮದ್ದು ಅವಳಿಗೆ ಒಗ್ಗಲಿಲ್ಲ. ಹಾಗಾಗಿ ಈಗ ಅವಳಿಗೆ ಉಳಿದಿರುವುದು ನೀನೊಬ್ಬನೇ. ಇದನ್ನು ಬರೆಯಲು ನನಗೆ ಸಂತೋಷವೇನೂ ಇಲ್ಲ.

ನನ್ನ ಪುಸ್ತಕಗಳೆಲ್ಲ ನನಗೆ ತಿಳಿದ ಮಟ್ಟಿಗೆ ಸಂಸ್ಥೆಯ ನೆಲಮಾಳಿಗೆಯಲ್ಲಿರಬೇಕು, ಹಸಿರು ಕಪಾಟಿನಲ್ಲಿ. ಸರಿಯಾಗಿ ಹುಡುಕು. ನಿನಗೆ ಕಣ್ಣೆದುರಿನ ಕನ್ನಡಕವೂ ಕಾಣುವುದಿಲ್ಲ.

ಹಾಲೆಂಡಿನವನು ಏನು ಕೇಳಿದ ಅಂತ ನೀನು ಬರೆಯಲಿಲ್ಲ. ಸಂಸ್ಥೆಗೆ ಬರೆಯಬೇಡ ಅಂತ ಮಾತ್ರ ಬರೆದೆ. ಇಪ್ಪತ್ತೆರಡು ವರ್ಷದಲ್ಲಿ ನೀನು ಊಲ್ರಿಕಾಳ ಮೊಹರಿಗೆ ಹೆದರಿದ್ದನ್ನು ನಾನು ನೋಡಿಲ್ಲ.

ಗುನ್ವೋರ್


ಗೋಥೆನ್‌ಬರ್ಗ್, ಮನೆಯಿಂದ, 30 ಆಗಸ್ಟ್ 2004

ಗುನ್ವೋರ್,

ನೆಲಮಾಳಿಗೆಗೆ ನಾನೇ ಇಳಿದೆ, ಕನ್ನಡಕ ಹಾಕಿಕೊಂಡೇ. ಹದಿಮೂರು ಇದೆ, ಹದಿನೈದು ಇದೆ, ನಡುವೆ ಹಲ್ಲು ಬಿದ್ದ ಹಾಗೆ ಖಾಲಿ. ಆಮೇಲೆ ಕೀಲಿಕೈ ಪಟ್ಟಿ ನೋಡಿದೆ. ನೀನು ನಿವೃತ್ತಳಾದ ದಿನ, 2001ರ ಜೂನ್ 15, ಮಧ್ಯಾಹ್ನ ಎರಡಕ್ಕೆ ನಿನ್ನ ಸಹಿ ಇದೆ. ಆ ಹೊತ್ತಿಗೆ ನಾವೆಲ್ಲ ಮೇಲೆ ನಿನ್ನ ಕೇಕಿನ ಮುಂದೆ ಕಾಯುತ್ತಿದ್ದೆವು. ಕೈ ತೊಳೆದುಕೊಂಡು ಬರುತ್ತೇನೆ ಅಂದಿದ್ದೆ. ನೆಲಮಾಳಿಗೆಯಲ್ಲಿ ನಲ್ಲಿ ಇಲ್ಲ.

ಹಾಲೆಂಡಿನವನು ಕೇಳಿದ್ದು ಎರಡೇ ಪ್ರಶ್ನೆ. ಪ್ರೋಟೀನನ್ನು ಕುದಿಸಿ ನೋಡಿದ್ದೀರಾ? ಸೀಸೆಗಳನ್ನು ಒಣಶಾಖದ ಒಲೆಯಲ್ಲಿ ಸುಟ್ಟಿದ್ದೀರಾ, ಇಲ್ಲ ಬರೀ ಹಬೆಯಲ್ಲಿ ಬೇಯಿಸಿದ್ದೀರಾ? ಮೊದಲನೆಯದು ಬಿಡು, ಯಾರಾದರೂ ಕೇಳುತ್ತಾರೆ. ಎರಡನೆಯದು ನನಗೆ ಊಟ ಸೇರದ ಹಾಗೆ ಮಾಡಿದೆ. ಆ ಜನವರಿಯಲ್ಲಿ ನಮ್ಮ ಒಲೆ ಕೆಟ್ಟಿತ್ತು ಅನ್ನುವುದು ನಿನ್ನನ್ನೂ ನನ್ನನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವನಿಗೆ ಯಾರು ಹೇಳಿದರು?

ನಾನು ಆರೋಪ ಮಾಡುತ್ತಿಲ್ಲ, ಕೇಳುತ್ತಿದ್ದೇನೆ ಅಷ್ಟೇ. ನಿನ್ನ ಮನಸ್ಸಿನಲ್ಲಿ ನನ್ನ ಮೇಲೆ ಏನಾದರೂ ಇದ್ದರೆ ನನಗೇ ಹೇಳು. ಅವನಿಗೆ ಬರೆಯಬೇಡ.

ಸಿಕ್ಸ್ಟೆನ್


ಬೀಸ್ಕೆ, 6 ಸೆಪ್ಟೆಂಬರ್ 2004

ಪ್ರೊಫೆಸರ್ ಸಿಕ್ಸ್ಟೆನ್ ಬ್ರೋದಿನ್ ಅವರಿಗೆ,

ನಾನು ಹಾಲೆಂಡಿಗೆ ಯಾವ ಕಾಗದವನ್ನೂ ಬರೆದಿಲ್ಲ. ಗಾಜು ತೊಳೆದು ಗೊತ್ತಿರುವ ಯಾರೇ ಆದರೂ ಕೇಳುವ ಪ್ರಶ್ನೆ ಅದು. ನಿಮ್ಮದೇ ಪ್ರಬಂಧದಲ್ಲಿ "ಹಬೆಯಲ್ಲಿ ಶುದ್ಧಿ ಮಾಡಿದ ಸೀಸೆಗಳು" ಎಂದು ಅಚ್ಚಾಗಿದೆ. ನೀವು ಗಾಜು ತೊಳೆದವರಲ್ಲ, ಆದ್ದರಿಂದ ಅದು ನಿಮಗೆ ಗುಟ್ಟಿನ ಹಾಗೆ ಕಂಡಿದೆ.

ಮಾಯ್ಲಿಸ್ ನಿಮ್ಮ ಕಾಗದವನ್ನು ನನ್ನ ಕೈಯಿಂದ ಕಸಿದುಕೊಂಡು ಓದಿದಳು. ಕುದಿಸುವುದು ಅಂದರೇನು ಅಂತ ಕೇಳಿದಳು. ಪ್ರೋಟೀನು ಮೊಟ್ಟೆಯ ಬಿಳಿಯ ಹಾಗೆ, ಕುದಿಸಿದರೆ ಗಟ್ಟಿಯಾಗಿ ಕೆಲಸಕ್ಕೆ ಬಾರದೆ ಹೋಗುತ್ತದೆ ಅಂದೆ. ಬ್ಯಾಕ್ಟೀರಿಯಾದ ಹೊರಚಿಪ್ಪಿನ ಚೂರು ಹಾಗಲ್ಲ. ಕುದಿಸಿದರೂ ಜಗ್ಗುವುದಿಲ್ಲ. ಹಬೆಯಲ್ಲಿ ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಚಿಪ್ಪು ಗಾಜಿಗೆ ಅಂಟಿಕೊಂಡೇ ಇರುತ್ತದೆ. ಇನ್ನೂರೈವತ್ತು ಡಿಗ್ರಿ ಒಣ ಒಲೆಯಲ್ಲಿ ಸುಟ್ಟರೇ ಅದು ಹೋಗುವುದು. ಹಾಗಾಗಿ ಪ್ರೋಟೀನನ್ನು ಕುದಿಸಿದ ಮೇಲೂ ಜೀವಕೋಶಗಳು ಕೆರಳಿದರೆ, ಕೆರಳಿಸಿದ್ದು ಪ್ರೋಟೀನಲ್ಲ, ಸೀಸೆಯ ಕೊಳೆ.

"ಅಂದ್ರೆ ಅದು ನನ್ ಕೀಲಿನ ಸುದ್ದಿ ಅಲ್ವೇ ಅಲ್ಲ. ನಿನ್ ಪಾತ್ರೆ ತೊಳೆಯೋ ಸುದ್ದಿ," ಅಂದಳು.

"ಅಕಸ್ಮಾತ್ ಹಾಗಿದ್ರೆ," ಅಂದೆ.

"ಮತ್ತೆ ನೀವು ಕುದಿಸಿ ನೋಡಿದ್ರಾ?"

ನಾನು ಎದ್ದು ಕಾಫಿ ಬಿಸಿ ಮಾಡಿದೆ. ಅದು ನಿಮ್ಮ ಬಾಯಿಂದ ಬರಬೇಕಾದ ಉತ್ತರ.

ಒಲೆ ಕೆಟ್ಟಾಗ ನಾನು ಏನು ಹೇಳಿದೆ, ನೀವು ಏನು ಹೇಳಿದಿರಿ, ನನಗೆ ಚೆನ್ನಾಗಿ ನೆನಪಿದೆ. "ಇನ್ನೊಂದ್ ಒಲೆ ಬರೋವರೆಗೂ ಕಾಯೋಣ" ಅಂದದ್ದು ನಾನು. "ಸ್ಟಾಕ್‌ಹೋಮಿನ ಭಾಷಣ ಮಾರ್ಚಲ್ಲಿದೆ ಗುನ್ವೋರ್, ಹಬೆ ಸಾಕು" ಅಂದದ್ದು ನೀವು. ಈಗ ಯಾರದಾದರೂ ಕೊರಳು ಬೇಕಾಗಿದೆ, ಗಾಜು ತೊಳೆದವಳ ಕೊರಳು ಸುಲಭಕ್ಕೆ ಸಿಗುತ್ತದೆ. ಅದಕ್ಕೇ ಪುಸ್ತಕದ ಹುಡುಕಾಟ, ಅದಕ್ಕೇ ಬೇಸಿಗೆ ಮನೆಯ ವಿಳಾಸ.

ಮಾಯ್ಲಿಸ್ ಒಂದನೇ ತಾರೀಖು ಮಾತ್ರೆ ನಿಲ್ಲಿಸಿದಳು. ಐದು ದಿನವಾಯಿತು. ಬಲಗೈಯ ಎರಡು ಬೆರಳು ಆಗಲೇ ಬಾತುಕೊಂಡಿವೆ. "ಮದ್ದು ಬರೋವರೆಗೆ ತಾನೇ," ಅನ್ನುತ್ತಾಳೆ.

ಗುನ್ವೋರ್ ಹಾಲ್ಕ್ವಿಸ್ಟ್


ಗೋಥೆನ್‌ಬರ್ಗ್, 11 ಸೆಪ್ಟೆಂಬರ್ 2004

ಗುನ್ವೋರ್,

'ನೀವು' ಅಂತೆ. ನಮ್ಮ ದೇಶದಲ್ಲಿ ಮಂತ್ರಿಗೂ 'ನೀನು' ಅನ್ನುವ ಕಾಲದಲ್ಲಿ ನೀನು ನನಗೆ ತೆರಿಗೆ ಕಟ್ಟದವನಿಗೆ ನೋಟಿಸು ಕಳಿಸಿದ ಹಾಗೆ ಬರೆದಿದ್ದೀಯ. ಓದಿ ನೋವಾಯಿತು. ನಿನಗೆ ಬೇಕಾದದ್ದೂ ಅದೇ ಇರಬೇಕು.

ಹಬೆ ಸಾಕು ಅಂದದ್ದು ನಾನೇ. ನಾನು ಅಲ್ಲಗಳೆಯುವುದಿಲ್ಲ. ಆದರೆ ನಿನಗೆ ಒಂದು ಮಾತು ಹೇಳುತ್ತೇನೆ. ನಾನು ನಿನ್ನ ಕೊರಳು ಹಿಡಿಯುವವನಾಗಿದ್ದರೆ ಇಷ್ಟು ಹೊತ್ತಿಗೆ ಕೀಲಿಕೈ ಪಟ್ಟಿಯನ್ನು ಹಾಲೆಂಡಿನವನಿಗೆ ಕೊಡುತ್ತಿದ್ದೆ. ಸಂಸ್ಥೆಯ ದಾಖಲೆಯನ್ನು ಮನೆಗೆ ಒಯ್ಯುವುದು ಸಣ್ಣ ತಪ್ಪಲ್ಲ. ಪುಸ್ತಕ ನಿನ್ನ ಹತ್ತಿರ ಇದೆ ಅಂತ ನನಗೆ ಖಾತ್ರಿಯಾಗಿದೆ, ಯಾಕೆ ಇಟ್ಟುಕೊಂಡೆ ಅಂತ ಮಾತ್ರ ಗೊತ್ತಿಲ್ಲ. ಅದರಲ್ಲಿ ನಿನಗೆ ಕೆಡುಕು ತರುವಂಥದ್ದು ಏನೋ ಇದೆ ಅಂತ ನನ್ನ ಊಹೆ.

ಮುಂದಿನ ಶನಿವಾರ, ಹದಿನೆಂಟಕ್ಕೆ, ರೈಲು ಹತ್ತಿ ಬರುತ್ತೇನೆ. ಪುಸ್ತಕವನ್ನು ನನ್ನ ಕೈಗೆ ಕೊಡು. ಬೇರೆ ಯಾರಿಗೂ ತಿಳಿಯುವುದು ಬೇಡ. ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ.

ಮಾಯ್ಲಿಸಳಿಗೆ ಹೇಳು, ಇನ್ನು ಇಪ್ಪತ್ತೇ ದಿನ.

ಸಿಕ್ಸ್ಟೆನ್


ಬೀಸ್ಕೆ, 16 ಸೆಪ್ಟೆಂಬರ್ 2004

ಬರಬೇಡಿ. ಬಂದರೆ ಬಾಗಿಲು ತೆಗೆಯುವುದಿಲ್ಲ. ಫೋನನ್ನೂ ಎತ್ತುವುದಿಲ್ಲ.

"ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ." ಈ ಮಾತನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಹೇಗೆ ನೋಡಿಕೊಳ್ಳುತ್ತೀರಿ? ನಿಮ್ಮ ಬೇಸಿಗೆ ಮನೆಯಲ್ಲಿ ಒಳ್ಳೆಯ ಕಬ್ಬಿಣದ ಒಲೆ ಇದೆ, ನಾನು ಕಂಡಿದ್ದೇನೆ. ಅದು ಕೆಟ್ಟಿಲ್ಲ.

ಹೌದು, ಪುಸ್ತಕ ನನ್ನ ಹತ್ತಿರ ಇದೆ. ಅಡುಗೆಮನೆಯ ಮೇಜಿನ ಖಾನೆಯಲ್ಲಿ, ಮೇಜುಬಟ್ಟೆಗಳ ಕೆಳಗೆ, ಮೂರು ವರ್ಷದಿಂದ. ಯಾರೂ ಅದರ ಪುಟ ಹರಿಯಬಾರದು ಅಂತ ತಂದದ್ದು. ಅರವತ್ತೊಂದನೇ ಪುಟದಲ್ಲಿ ಏನಿದೆ ಅಂತ ನಿಮಗೆ ಗೊತ್ತು. ಅದರ ಕೆಳಗೆ ನಿಮ್ಮ ಸಹಿ ಇದೆ. ಐದು ವರ್ಷ ನೀವು ಅದರ ಬಗ್ಗೆ ತುಟಿ ಬಿಚ್ಚಲಿಲ್ಲ, ನಾನೂ ಬಿಚ್ಚಲಿಲ್ಲ. ನೀವು ಯಾಕೆ ಸುಮ್ಮನಿದ್ದಿರಿ ಅಂತ ನನಗೆ ಗೊತ್ತು ಅಂದುಕೊಂಡಿದ್ದೇನೆ. ನಾನು ಯಾಕೆ ಸುಮ್ಮನಿದ್ದೆ ಅನ್ನುವುದು ಈಗ ನನಗೇ ನಾಚಿಕೆ ತರುತ್ತಿದೆ.

ಇವತ್ತು ಬೆಳಿಗ್ಗೆ ಮಾಯ್ಲಿಸ್ ಕಾಫಿ ಬಟ್ಟಲನ್ನು ಎರಡು ಅಂಗೈಗಳ ನಡುವೆ ಒತ್ತಿ ಎತ್ತಲು ಹೋದಳು. ಜಾರಿ ಬಿತ್ತು. ಚೂರುಗಳನ್ನು ನಾನು ಬಾಚುವಾಗ, "ನೋಡು, ಇದನ್ನೂ ಚೆನ್ನಾಗ್ ತೊಳೆದಿಲ್ಲ ನೀನು," ಅಂತ ನಕ್ಕಳು. ನನಗೆ ನಗು ಬರಲಿಲ್ಲ. ನನಗೆ ಭಯವಾಗಿದೆ. ನನ್ನ ಒಂದು ಪುಟದ ಮೌನಕ್ಕೆ ಅವಳ ಕೈ ಹೋಗುತ್ತಿದೆ.

ಗು. ಹಾಲ್ಕ್ವಿಸ್ಟ್


ಗೋಥೆನ್‌ಬರ್ಗ್, 20 ಸೆಪ್ಟೆಂಬರ್ 2004

ಗುನ್ವೋರ್,

ನಾನು ಬರಲಿಲ್ಲ. ಒಂಬತ್ತು ಸಲ ಫೋನ್ ಮಾಡಿದೆ.

ಅರವತ್ತೊಂದನೇ ಪುಟದಲ್ಲಿ ಏನಿದೆ? ನಾನು ನಾಟಕವಾಡುತ್ತಿಲ್ಲ. ನನ್ನ ಸಹಿ ಪ್ರತಿ ಪುಟದಲ್ಲೂ ಇರುತ್ತದೆ, ಶುಕ್ರವಾರದ ಸಹಿ. ಒಂದು ಸಾಲು ಬರೆದು ತಿಳಿಸು, ಸಾಕು. ಬರೆಯದೆ ಹೋದರೆ ಹಾಲೆಂಡಿನವನ ಪ್ರಶ್ನೆಗೆ ಉತ್ತರವನ್ನು ನಾನೇ ಹುಡುಕಬೇಕಾಗುತ್ತದೆ. ಹನಿ ಅಳೆಯುವ ಪಿಪೆಟ್ಟನ್ನು ನಾನು ಕೈಯಲ್ಲಿ ಹಿಡಿಯದೆ ಹನ್ನೊಂದು ವರ್ಷವಾಗಿದೆ.

ಸಿಕ್ಸ್ಟೆನ್


ಬೀಸ್ಕೆ, 23 ಸೆಪ್ಟೆಂಬರ್ 2004

ದಾಖಲೆ ಕಚೇರಿಗೆ. ಮೊಹರು ಹಾಕಿ ನೋಂದಾಯಿಸತಕ್ಕದ್ದು.

ಇದರೊಂದಿಗೆ ಪ್ರಯೋಗಾಲಯದ ಹದಿನಾಲ್ಕನೇ ನೀಲಿ ಪುಸ್ತಕವನ್ನು ಹಿಂದಿರುಗಿಸುತ್ತಿದ್ದೇನೆ. 2001ರ ಜೂನ್ 15ರಂದು ಅನುಮತಿ ಇಲ್ಲದೆ ಇದನ್ನು ಮನೆಗೆ ತಂದವಳು ನಾನು.

1999ರ ಜನವರಿಯಲ್ಲಿ ಒಣಶಾಖದ ಒಲೆ ಕೆಟ್ಟಿತ್ತು. ಕೀಲುನೀರಿನಿಂದ ಪ್ರೋಟೀನು ಬೇರ್ಪಡಿಸಲು ಹಬೆಯಲ್ಲಿ ಬೇಯಿಸಿದ ಸೀಸೆಗಳನ್ನೇ ಬಳಸಿದೆ. ಇದು ಸಾಲದು ಎಂದು ನನಗೆ ಗೊತ್ತಿತ್ತು. ಸಮಾಧಾನವಾಗದೆ ಫೆಬ್ರವರಿ 9ರಂದು, ಯಾರೂ ಹೇಳದಿದ್ದರೂ, ಪ್ರೋಟೀನಿನ ಒಂದು ನಳಿಕೆಯನ್ನು ಇಪ್ಪತ್ತು ನಿಮಿಷ ಕುದಿಸಿ ಜೀವಕೋಶಗಳಿಗೆ ಹಾಕಿದೆ. ಜೀವಕೋಶ ಕೆರಳಿದರೆ ನಮ್ಮ ಪರೀಕ್ಷೆಯ ತಟ್ಟೆಯ ಗುಳಿ ಹಳದಿಯಾಗುತ್ತದೆ, ಕೆರಳದಿದ್ದರೆ ಬಣ್ಣ ಬರುವುದಿಲ್ಲ. ಕುದಿಸಿದ್ದಕ್ಕೆ ಬಣ್ಣ ಬರಬಾರದಿತ್ತು. ಕುದಿಸದ್ದು ಹಳದಿ, ಕುದಿಸಿದ್ದೂ ಅಷ್ಟೇ ಹಳದಿ. ಪುಟ 61 ನೋಡಿ.

ಪ್ರತಿ ಶುಕ್ರವಾರ ಮೂರು ಗಂಟೆಯ ಕಾಫಿಗೆ ವಾರದ ಪುಟಗಳನ್ನು ಮೇಲಿನವರ ಮುಂದಿಡುವುದು ನಮ್ಮಲ್ಲಿ ರೂಢಿ. ಅವರು ಪ್ರತಿ ಪುಟದಡಿ "ಓದಿದೆ, ಅರ್ಥವಾಯಿತು" ಎಂದು ಸಹಿ ಹಾಕುತ್ತಾರೆ. ಫೆಬ್ರವರಿ 12ರಂದು ಪ್ರೊಫೆಸರ್ ಬ್ರೋದಿನ್ ಪುಟ 61ಕ್ಕೆ ಸಹಿ ಹಾಕಿದ್ದಾರೆ. ಅವರು ಅದರ ಬಗ್ಗೆ ಏನೂ ಹೇಳಲಿಲ್ಲ. ಅವರು ಮುಚ್ಚಿಡಲು ತೀರ್ಮಾನಿಸಿದ್ದಾರೆಂದು ನಾನು ತಿಳಿದೆ. ತೊಳೆದವಳು ನಾನಾದ್ದರಿಂದ ನಾನೂ ಬಾಯಿ ಮುಚ್ಚಿಕೊಂಡೆ. ಮರುವರ್ಷ ನನ್ನ ತಂಗಿಗೆ ಇದೇ ರೋಗ ಬಂತು. ಆಮೇಲೆ ಆ ಪುಟ ಸುಳ್ಳಾಗಿರಲಿ ಎಂದು ಆಸೆಪಟ್ಟೆ.

ಈ ಫಲಿತಾಂಶವನ್ನು ನಂಬಿ ನಲವತ್ತು ರೋಗಿಗಳು ತಮ್ಮ ಮಾತ್ರೆಗಳನ್ನು ಬಿಟ್ಟಿದ್ದಾರೆ. ದಯವಿಟ್ಟು ಪರೀಕ್ಷೆಯನ್ನು ನಿಲ್ಲಿಸಿ.

ಗುನ್ವೋರ್ ಹಾಲ್ಕ್ವಿಸ್ಟ್
ನಿವೃತ್ತ ಪ್ರಯೋಗಾಲಯ ಸಹಾಯಕಿ


ಗೋಥೆನ್‌ಬರ್ಗ್, 23 ಸೆಪ್ಟೆಂಬರ್ 2004

ಪ್ರಿಯ ಗುನ್ವೋರ್,

ಕುದಿಸಿ ನೋಡಿದೆ.

ಫ್ರೀಜರಿನ ತಳದಲ್ಲಿ 1999ರ ಎರಡು ನಳಿಕೆ ಉಳಿದಿದ್ದವು, ಮುಚ್ಚಳದ ಮೇಲೆ ನಿನ್ನ ಅಕ್ಷರ. ಮಂಗಳವಾರ ಒಂದನ್ನು ಕುದಿಸಿದೆ. ಈಗಿನ ಸಹಾಯಕಿ ಲಿಸೆಲೋಟ್ ನಾನು ಪಿಪೆಟ್ಟಿನ ಹನಿಯನ್ನು ಹೊರಗೆ ಚೆಲ್ಲಿದ್ದನ್ನು ನೋಡಿ, "ನಾನ್ ಮಾಡ್ಲಾ?" ಅಂದಳು. "ಬೇಡ, ಆಮೇಲೆ ನಿನ್ ಮೇಲೆ ಬರತ್ತೆ," ಅಂದೆ. ನಿನ್ನೆ ಮಧ್ಯಾಹ್ನ ತಟ್ಟೆ ಓದಿದೆ. ಎರಡೂ ಸಾಲು ಹಳದಿ. ಒಂದಕ್ಕೂ ಇನ್ನೊಂದಕ್ಕೂ ಎಳ್ಳಷ್ಟು ವ್ಯತ್ಯಾಸವಿಲ್ಲ. ಐದು ವರ್ಷ ಊರೂರು ಸುತ್ತಿ ನಾನು ಭಾಷಣ ಮಾಡಿದ್ದು ಸೀಸೆಗೆ ಅಂಟಿದ ಕೊಳೆಯ ಬಗ್ಗೆ.

ಸಂಜೆಯೊಳಗೆ ನಿಮ್ಮ ವೈದ್ಯರಿಗೆ ಫೋನ್ ಮಾಡುತ್ತೇನೆ, ಮಾಯ್ಲಿಸ್ ಇವತ್ತೇ ಹಳೆಯ ಮಾತ್ರೆ ಶುರು ಮಾಡಲಿ. ಉಳಿದ ಮೂವತ್ತೊಂಬತ್ತು ಜನರ ವೈದ್ಯರಿಗೂ ಹೇಳಬೇಕು. ಸೋಮವಾರ ನೈತಿಕ ಸಮಿತಿಯ ಮುಂದೆ ನಾನೇ ಹೋಗಿ ಪರೀಕ್ಷೆ ವಾಪಸ್ ಪಡೆಯುತ್ತೇನೆ. ಒಲೆ ಕೆಟ್ಟದ್ದು, ಹಬೆ ಸಾಕು ಅಂದದ್ದು, ಎಲ್ಲ ನನ್ನ ಬಾಯಲ್ಲೇ ಹೇಳುತ್ತೇನೆ.

ಅರವತ್ತೊಂದನೇ ಪುಟದಲ್ಲಿ ಏನಿದೆಯೋ ನನಗೆ ತಿಳಿಯುವುದೇ ಬೇಡ. ನಿನ್ನ ಕೊಟ್ಟಿಗೆಯ ಪಕ್ಕ ಮೀನು ಹೊಗೆ ಹಾಕುವ ಗೂಡು ಇದೆಯಲ್ಲ, ಪುಸ್ತಕವನ್ನು ಅದಕ್ಕೆ ಹಾಕು. ಅದನ್ನು ಮನೆಗೊಯ್ದದ್ದಕ್ಕೆ ಯಾರೂ ನಿನ್ನನ್ನು ಕೇಳಬಾರದು. ನಾನು ರೈಲು ಹತ್ತಿ ಬರುತ್ತೇನೆ ಅಂದದ್ದು ಅದಕ್ಕೇ. ಬೆದರಿಕೆಯ ಹಾಗೆ ಕೇಳಿಸಿತು ಅಂತ ಈಗ ಮತ್ತೆ ಓದಿಕೊಂಡಾಗ ಗೊತ್ತಾಯಿತು. ಪ್ರತಿಯೊಂದು ಕಾಗದದ ನಕಲು ಇಟ್ಟುಕೊಂಡಿದ್ದೇನೆ. ನಾನೂ ನಿನ್ನನ್ನು ನಂಬಿರಲಿಲ್ಲ ನೋಡು.

ನಿನ್ನ
ಸಿಕ್ಸ್ಟೆನ್


ಬೀಸ್ಕೆ, 27 ಸೆಪ್ಟೆಂಬರ್ 2004

ಸಿಕ್ಸ್ಟೆನ್,

ನಿನ್ನ ಕಾಗದ ಈಗ ಕೈ ಸೇರಿತು. ಆದರೆ ನೀನೇ ಪರೀಕ್ಷೆ ನಿಲ್ಲಿಸುತ್ತಿದ್ದೀಯ ಅಂತ ಗುರುವಾರವೇ ವೈದ್ಯರ ಫೋನ್ ಬಂದಿತ್ತು, ಸಂಜೆ ನಾಲ್ಕೂವರೆಗೆ. ಪುಸ್ತಕ ಹೊತ್ತ ಅಂಚೆ ಗಾಡಿ ಮೂರಕ್ಕೇ ಹೋಗಿತ್ತು. ನಾನು ಅಂಗಿಯ ಮೇಲೆ ಕೋಟೂ ಹಾಕಿಕೊಳ್ಳದೆ ಅಂಚೆ ಪೆಟ್ಟಿಗೆಯವರೆಗೆ ಓಡಿ, ಖಾಲಿ ಪೆಟ್ಟಿಗೆಯ ಬಾಯಿಗೆ ಕೈ ಹಾಕಿ ನಿಂತೆ.

ಶುಕ್ರವಾರ ಬೆಳಿಗ್ಗೆ ಎಂಟರಿಂದ ಪ್ರಯತ್ನಿಸಿ, ಮಧ್ಯಾಹ್ನ ಊಲ್ರಿಕಾ ಫೋನಿಗೆ ಸಿಕ್ಕಳು. "ಅದನ್ನ ವಾಪಸ್ ಕಳಿಸಿಬಿಡು," ಅಂದೆ.

"ಮೊಹರು ಬಿದ್ದಾಯ್ತು ಗುನ್ವೋರ್. ಬಿದ್ದದ್ದನ್ನ ನಾನ್ ಹೇಗೆ ಕೀಳ್ಲಿ? ನೀನೇ ಬರ್ದಿದೀಯಲ್ಲ, ನೋಂದಾಯಿಸತಕ್ಕದ್ದು ಅಂತ."

ಏನು ಕಳಿಸಿದೆ ಅಂತ ನಿನಗೆ ಇಷ್ಟು ಹೊತ್ತಿಗೆ ಗೊತ್ತಾಗಿರುತ್ತದೆ. ನೀನು ಕುದಿಸಿದ್ದನ್ನು ನಾನು ಐದು ವರ್ಷ ಮೊದಲೇ ಕುದಿಸಿದ್ದೆ. ಅದೇ ಅರವತ್ತೊಂದನೇ ಪುಟ.

ನನಗೆ ಒಂದೇ ಪ್ರಶ್ನೆ. ಬೇರೆ ಯಾರಿಗೂ ಹೇಳುವ ಉತ್ತರ ಬೇಡ. ನೀನು ಅದನ್ನು ಓದಿದ್ದೆಯಾ?

ಗುನ್ವೋರ್


ಶೋರ್ನ್ ದ್ವೀಪ, 4 ಅಕ್ಟೋಬರ್ 2004

ಪ್ರಿಯ ಗುನ್ವೋರ್,

ಇಲ್ಲ. ಓದಿರಲಿಲ್ಲ.

ಕಳೆದ ಸೋಮವಾರ ಸಮಿತಿಯ ಮುಂದೆ ನನ್ನ ತಟ್ಟೆಯ ಚಿತ್ರ ಇಟ್ಟು ಮಾತು ಶುರು ಮಾಡಿದ್ದೆ. ಅಧ್ಯಕ್ಷೆ ಕೈಯೆತ್ತಿ ನಿಲ್ಲಿಸಿ, ನಿನ್ನ ಪುಟದ ನಕಲನ್ನು ಮೇಜಿನ ಮೇಲೆ ಜಾರಿಸಿದರು. ನೀಲಿ ಶಾಯಿ, ನಿನ್ನ ದುಂಡು ಅಕ್ಷರ, "ಕುದಿಸಿದ್ದೂ ಹಳದಿ" ಅನ್ನುವುದಕ್ಕೆ ಎರಡು ಗೆರೆ. ಕೆಳಗೆ "ಓದಿದೆ, ಅರ್ಥವಾಯಿತು" ಎಂದು ನನ್ನ ಸಹಿ. ಪಕ್ಕದಲ್ಲಿ ದಾಲ್ಚಿನ್ನಿ ಬನ್ನಿನ ಬೆಣ್ಣೆಯ ಕಲೆ ನಕಲಿನಲ್ಲೂ ಕಾಣುತ್ತಿತ್ತು. ಆ ಬನ್ ನೆನಪಾಯಿತು. ಪುಟ ನೆನಪಾಗಲಿಲ್ಲ.

"ಇದು ನಿಮ್ಮ ಸಹಿಯಾ?" ಅಂತ ಕೇಳಿದರು. ನನಗೂ 'ನೀವು'.

"ನನ್ನದೇ," ಅಂದೆ.

"ಓದದೆ ಸಹಿ ಹಾಕಿದ್ದೆ ಅಂತೀರಾ?"

ಹೌದು ಅಂದರೆ ಇಪ್ಪತ್ತೆರಡು ವರ್ಷದ ಎಲ್ಲ ಪುಟಗಳ ಮೇಲೂ ನನ್ನ ಸಹಿ ಸುಳ್ಳು. ಇಲ್ಲ ಅಂದರೆ ನಾನು ಸುಳ್ಳ. ನಿಜವನ್ನೇ ಹೇಳಿದೆ. ಒಬ್ಬರೂ ನಂಬಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ಪುಸ್ತಕ ಬಯಲಾಗುತ್ತದೆ ಅಂತ ಹೆದರಿ ಎರಡು ದಿನ ಮೊದಲು ಕುದಿಸುವ ನಾಟಕ ಮಾಡಿದ್ದೇನೆ ಅನ್ನುವುದು ಅವರ ತೀರ್ಮಾನ. ಪತ್ರಿಕೆಯಲ್ಲೂ ಹಾಗೇ ಬಂದಿದೆ: "ಐದು ವರ್ಷದಿಂದ ಗೊತ್ತಿತ್ತು." ನಿನ್ನ ಪುಟದ ಚಿತ್ರವನ್ನೂ ಹಾಕಿದ್ದಾರೆ. ಸಂಸ್ಥೆಯ ನನ್ನ ಕೋಣೆಯ ಕೀಲಿಕೈ ಊಲ್ರಿಕಾಗೆ ಕೊಟ್ಟು ಬಂದೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಅಂತ ಬರೆಯಲು ಕೂತೆ. ಸಿಟ್ಟಿದೆ. ಆ ಶುಕ್ರವಾರ ಕಾಫಿ ಬಗ್ಗಿಸುವಾಗ ಒಂದು ಮಾತು, "ಸಿಕ್ಸ್ಟೆನ್, ಇದನ್ನ ಓದು" ಅಂದಿದ್ದರೆ ಸಾಕಿತ್ತು. ನಿನಗೂ ನನ್ನ ಮೇಲೆ ಇದೇ ಸಿಟ್ಟು ಇರಬೇಕು.

ಅವಳ ಕೈ ಹೇಗಿದೆ?

ಸಿಕ್ಸ್ಟೆನ್


ಬೀಸ್ಕೆ, 11 ಅಕ್ಟೋಬರ್ 2004

ಪ್ರಿಯ ಸಿಕ್ಸ್ಟೆನ್,

ಬಲಗೈಯ ಬಾವು ಇಳಿಯುತ್ತಿದೆ. ಎಡಗೈಯ ಉಂಗುರ ಬೆರಳು ಬಾಗಿಯೇ ಉಳಿಯುತ್ತದೆ ಅಂದರು ವೈದ್ಯರು. ಗುಂಡಿಗಳನ್ನು ಸದ್ಯಕ್ಕೆ ನಾನೇ ಹಾಕುತ್ತೇನೆ. ನಿನ್ನೆ ಇಬ್ಬರೂ ಕೂತು ಲಿಂಗೋನ್ ಹಣ್ಣು ಆರಿಸುತ್ತಿದ್ದೆವು. ಅವಳು ಬಾಗಿದ ಬೆರಳಿನಿಂದಲೇ ಎಲೆ ಕಡ್ಡಿಗಳನ್ನು ಪಕ್ಕಕ್ಕೆ ಸರಿಸುತ್ತಿದ್ದಳು. ನಿನ್ನ ಕಾಗದವನ್ನು ಓದಿ ಹೇಳಿದೆ.

"ನೀನ್ ನಂಬ್ತೀಯಾ?" ಅಂತ ಕೇಳಿದಳು.

"ನಂಬ್ತೀನಿ."

"ಐದ್ ವರ್ಷ ಕಳ್ಳ ಅಂದ್ಕೊಂಡಿದ್ದೆ. ಈಗ ಒಂದ್ ಕಾಗದಕ್ಕೆ ಸಂಭಾವಿತ ಆಗ್ಬಿಟ್ನಾ?"

"ಕಾಗದಕ್ಕಲ್ಲ. ಅವನು ಕುದಿಸಿ ನೋಡ್ದ. ಅದರಲ್ಲಿ ಏನಿದೆ ಅಂತ ನಾನು ಹೇಳಿರ್ಲಿಲ್ಲ, ಬರೀ ಪುಟದ ನಂಬರ್ ಬರ್ದಿದ್ದೆ. ಗೊತ್ತಿದ್ದೋನಾಗಿದ್ರೆ ಯಾಕ್ ಕುದಿಸ್ತಿದ್ದ? ಹನ್ನೊಂದ್ ವರ್ಷ ಪಿಪೆಟ್ಟು ಮುಟ್ಟದ ಕೈಯಲ್ಲಿ?"

ಅವಳು ಇನ್ನೊಂದು ಕಡ್ಡಿಯನ್ನು ಪಕ್ಕಕ್ಕೆ ತಳ್ಳಿ, "ಹಾಗಾದ್ರೆ ನನಗ್ಯಾಕ್ ಹೇಳ್ತಿದೀಯ, ಅವರಿಗ್ ಹೇಳು," ಅಂದಳು.

ಹೇಳಿದ್ದೇನೆ. ಕಳೆದ ಬುಧವಾರವೇ, ನಿನ್ನ ಕಾಗದ ಬಂದ ದಿನವೇ, ದಾಖಲೆ ಕಚೇರಿಗೆ ಇನ್ನೊಂದು ಪತ್ರ ಬರೆದೆ. ಆ ಶುಕ್ರವಾರ ಏನಾಯಿತು ಅಂತ ನೆನಪಿದ್ದಷ್ಟೂ ಬರೆದೆ. ವಾರದ ಹದಿನೇಳು ಪುಟವನ್ನು ನಾನು ಒಟ್ಟಿಗೆ ನಿನ್ನ ಮುಂದಿಟ್ಟೆ. ನೀನು ಸ್ಟಾಕ್‌ಹೋಮಿನವರ ಜೊತೆ ಫೋನಿನಲ್ಲಿದ್ದೆ. ಒಂದು ಕೈಯಲ್ಲಿ ಬನ್ನು, ಇನ್ನೊಂದರಲ್ಲಿ ಪೆನ್ನು, ಫೋನು ಹೆಗಲಿಗೂ ಕಿವಿಗೂ ನಡುವೆ. ನಾನೇ ಪುಟ ತಿರುವಿ ಕೊಟ್ಟೆ, ನೀನು ಕಿಟಕಿ ನೋಡುತ್ತಾ ಸಹಿ ಹಾಕಿದೆ. ಅರವತ್ತೊಂದು ಬಂದಾಗ ನನ್ನ ಕೈ ತಡೆಯಿತು. ನೀನು ಬೆರಳಿನಿಂದ ಬೇಗ ಬೇಗ ಅಂತ ಸನ್ನೆ ಮಾಡಿದೆ. ನಾನು ತಿರುವಿಬಿಟ್ಟೆ. ಇದು ನನಗೆ ಐದು ವರ್ಷವೂ ನೆನಪಿತ್ತು. ನಿನ್ನನ್ನು ಅನುಮಾನಿಸುವುದು ಅದಕ್ಕಿಂತ ಸುಲಭವಾಗಿತ್ತು, ಅದಕ್ಕೇ ನೆನಪಿಲ್ಲ ಅಂದುಕೊಂಡಿದ್ದೆ.

ಇವತ್ತು ಊಲ್ರಿಕಾಗೆ ಫೋನ್ ಮಾಡಿ ವಿಚಾರಿಸಿದೆ. ಆ ಪತ್ರಕ್ಕೂ ಮೊಹರು ಬಿದ್ದಿದೆ, ನಂಬರೂ ಇದೆ. ಯಾರು ಬೇಕಾದರೂ ಬಂದು ಕೇಳಿ ಓದಬಹುದು. ಮೊದಲನೆಯದನ್ನು ಹನ್ನೆರಡು ಜನ ಕೇಳಿ ಪಡೆದರಂತೆ. ಇದನ್ನು ಇನ್ನೂ ಯಾರೂ ಕೇಳಿಲ್ಲ.

ನಿನ್ನ
ಗುನ್ವೋರ್